ಉತ್ತರವಿರುವುದು ಓದಿದ ಭಾಗದಲ್ಲಿಯೇ

ಶಿಕ್ಷಕ ತರಬೇತಿ ಮುಗಿಸಿದ ಯುವಕ ಯುವತಿಯರು ಇಂದು ಅರ್ಹತಾ ಪರೀಕ್ಷೆಯ ಹೊಸ್ತಿಲನ್ನು ದಾಟಲೇಬೇಕಾಗಿದೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2011ರಿಂದ ನಡೆಸುತ್ತಿರುವ ಸಿಟಿಇಟಿ ಪರೀಕ್ಷೆಯ ಪ್ರತಿಯೊಂದು ಪತ್ರಿಕೆಯಲ್ಲಿಯೂ 150 ಪ್ರಶ್ನೆಗಳಿರುತ್ತವೆ. ಕಾಲಾವಕಾಶ ಎರಡೂವರೆ ಗಂಟೆ. ಸಾಮಾನ್ಯ ವರ್ಗದವರು ತೇರ್ಗಡೆಯಾಗಲು 90 ಅಂಕ ಪಡೆಯಬೇಕು. ಇದರಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಕೊಳ್ಳಲು ಅವಕಾಶವುಂಟು. ಆ ಭಾಷೆಗೆ ಮೀಸಲಾದ 30 ಅಂಕಗಳಲ್ಲಿ 15 ಅಂಕಗಳು, ಹಿಂದೆಂದೂ ಓದದ ಭಾಗಗಳನ್ನು ಓದಿ ಗ್ರಹಿಸುವುದಕ್ಕೆ ಸಲ್ಲುತ್ತವೆ.

"ಮಾತೃಭಾಷೆಯಲ್ಲವೇ, ಅದಕ್ಕೇಕೆ ಸಿದ್ಧತೆ?" ಎಂಬ ಉದಾಸೀನವು ಅನೇಕರಲ್ಲಿದೆ. ಆದರೆ ಅಂಕಗಳು ಕೈತಪ್ಪುವುದು ಭಾಷೆ ತಿಳಿಯದುದರಿಂದಲ್ಲ. ಓದಿದ ಭಾಗವನ್ನು ಬಿಟ್ಟು ತಮಗೆ ಮೊದಲೇ ತಿಳಿದುದನ್ನು ಆಧರಿಸಿ ಉತ್ತರಿಸುವುದರಿಂದ.

ಒಂದು ಉದಾಹರಣೆಯನ್ನು ನೋಡೋಣ. "ಬೇಸಿಗೆಯಲ್ಲಿ ರೈತರು ಕೆರೆಯ ಹೂಳನ್ನೆತ್ತಿ ಹೊಲಗಳಿಗೆ ಗೊಬ್ಬರವಾಗಿ ಸಾಗಿಸುತ್ತಿದ್ದರು. ಈ ವಾಡಿಕೆ ನಿಂತ ಮೇಲೆ ಹೂಳು ತುಂಬಿ, ಕೆರೆಯಲ್ಲಿ ನಿಲ್ಲುವ ನೀರು ಕಡಿಮೆಯಾಯಿತು." ನೀರು ಕಡಿಮೆಯಾಗಲು ಕಾರಣವೇನೆಂಬ ಪ್ರಶ್ನೆಗೆ ಮಳೆಯ ಅಭಾವ, ಕಾಡಿನ ನಾಶ, ಕೊಳವೆ ಬಾವಿಗಳು, ಹೂಳೆತ್ತದಿರುವುದು ಎಂಬ ನಾಲ್ಕು ಆಯ್ಕೆಗಳಿವೆಯೆನ್ನಿ. ಮೊದಲ ಮೂರೂ ಲೋಕದಲ್ಲಿ ನಿಜವೇ. ಆದರೆ ಮೇಲಿನ ಭಾಗದಲ್ಲಿ ಅವುಗಳ ಪ್ರಸ್ತಾಪವೇ ಇಲ್ಲ. ಆದ್ದರಿಂದ ಸರಿಯುತ್ತರ ನಾಲ್ಕನೆಯದು ಮಾತ್ರ.

ಊಹಿಸಿ ಹೇಳಬೇಕಾದ ಪ್ರಶ್ನೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. "ಕೆರೆಯ ರಕ್ಷಣೆಯೂ ಬೇಸಾಯವೂ ಒಂದಕ್ಕೊಂದು ನೆರವಾಗಿದ್ದವು" ಎಂಬ ಮಾತು ಅಲ್ಲಿ ನೇರವಾಗಿ ಇಲ್ಲದಿದ್ದರೂ ಅದಕ್ಕೆ ಆಧಾರವಿದೆ. "ಹೂಳು ಎಲ್ಲ ಬೆಳೆಗಳಿಗೂ ಅತ್ಯುತ್ತಮ ಗೊಬ್ಬರ" ಎಂಬುದಕ್ಕೆ ಆಧಾರವಿಲ್ಲ. "ಎಲ್ಲ", "ಮಾತ್ರ", "ಎಂದಿಗೂ" ಎಂಬ ಪದಗಳಿರುವ ಆಯ್ಕೆಗಳನ್ನು ಎರಡು ಸಲ ಪರಿಶೀಲಿಸಬೇಕು. "ಯಾವುದು ಸರಿಯಲ್ಲ?" ಎಂಬ ಪ್ರಶ್ನೆ ಬಂದಾಗ "ಅಲ್ಲ" ಎಂಬುದರ ಕೆಳಗೆ ಗೆರೆ ಎಳೆದುಕೊಳ್ಳುವುದು ಒಳ್ಳೆಯದು.

ಓದುವುದಕ್ಕೂ ಒಂದು ಕ್ರಮವಿದೆ. ಮೊದಲು ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ಬಳಿಕ ಇಡೀ ಭಾಗವನ್ನು ನಿಧಾನವಾಗಿ ಒಮ್ಮೆ ಓದಬೇಕು. ಉತ್ತರಿಸುವಾಗ ಸಂಬಂಧಪಟ್ಟ ವಾಕ್ಯಕ್ಕೆ ಮರಳಿ, ಅದರ ಹಿಂದುಮುಂದಿನ ವಾಕ್ಯಗಳನ್ನೂ ನೋಡಬೇಕು. "ಆದರೆ", "ಆದ್ದರಿಂದ" ಎಂಬ ಪದಗಳು ವಿಚಾರದ ತಿರುವನ್ನು ತೋರಿಸುತ್ತವೆ. ಪದದ ಅರ್ಥ ಕೇಳಿದಾಗ ಆ ಸಂದರ್ಭಕ್ಕೆ ಒಪ್ಪುವ ಅರ್ಥವನ್ನೇ ಆರಿಸಬೇಕು. ಪದ್ಯವನ್ನಾದರೋ ಸಾಲು ಸಾಲಾಗಿ ತುಂಡರಿಸದೆ, ವಾಕ್ಯ ಮುಗಿಯುವವರೆಗೆ ಓದಿ ಅನ್ವಯಿಸಿಕೊಳ್ಳಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಈ ಪರೀಕ್ಷೆಯಲ್ಲಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಈ ಅಭ್ಯಾಸಕ್ಕೆ ದುಬಾರಿ ತರಬೇತಿ ಕೇಂದ್ರಗಳೇ ಆಗಬೇಕೆಂದಿಲ್ಲ. ದಿನಪತ್ರಿಕೆಯ ಸಂಪಾದಕೀಯವನ್ನು ಮಕ್ಕಳಿಂದ ಓದಿಸಿ, ಮನೆಯ ಹಿರಿಯರು ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಪ್ರತಿ ಉತ್ತರಕ್ಕೂ "ಇದು ಯಾವ ಸಾಲಿನಲ್ಲಿದೆ, ತೋರಿಸು" ಎಂದು ಹೇಳಿದರೆ ಸಾಕು. ದಿನಕ್ಕೆ ಹದಿನೈದು ನಿಮಿಷಗಳ ಈ ರೂಢಿಯು ಪರೀಕ್ಷೆಗೂ ಒದಗುತ್ತದೆ, ನಾಳೆ ತರಗತಿಯಲ್ಲಿ ಮಕ್ಕಳಿಗೆ ಓದು ಕಲಿಸುವಾಗಲೂ ನೆರವಾಗುತ್ತದೆ.