ಡೊಗ್ಗು ಸಲಾಮು ಮತ್ತು ಸೈನಿಕ ವಂದನೆ

ಕನ್ನಡದಲ್ಲಿ ‘ಸಲಾಮು ಹೊಡೆಯುವುದು’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ‘ಡೊಗ್ಗು ಸಲಾಮು’ ಎಂದರಂತೂ ಬೆನ್ನು ಬಾಗಿಸಿ ಸ್ವಕಾರ್ಯವನ್ನು ಸಾಧಿಸಿಕೊಳ್ಳುವವನ ಚಿತ್ರವೇ ಕಣ್ಣೆದುರು ನಿಲ್ಲುತ್ತದೆ. ಸೇನೆಗೆ ಸೇರಿದ ತರುಣನು ದಿನಕ್ಕೆ ಹಲವು ಬಾರಿ ಕೈಯೆತ್ತಿ ವಂದಿಸುವುದನ್ನು ಕಂಡವರು ಅದನ್ನೂ ಇದೇ ಗುಂಪಿಗೆ ಸೇರಿಸಿಬಿಡುವುದುಂಟು. ಈ ಎರಡರ ನಡುವಣ ಅಂತರವೇನೆಂಬುದು ವಾಯುದಳದ ಬಡ್ತಿ ಪರೀಕ್ಷೆಗೆ ಓದುವವನು ಮೊದಲು ತಿಳಿಯಬೇಕಾದ ಸಂಗತಿ.

ಹೈದರಾಬಾದಿನ ಬೇಗಂಪೇಟೆಯ ವಿಮಾನ ನಿಲ್ದಾಣವು ನಿಜಾಮರ ಆಳ್ವಿಕೆಯಲ್ಲಿ, 1930ರ ದಶಕದಲ್ಲಿ ಏರ್ಪಟ್ಟುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ವಿಮಾನ ಚಾಲನೆಯ ಪ್ರಾಥಮಿಕ ಶಾಲೆಯು ನಡೆಯಿತು. 2008ರ ಮಾರ್ಚಿನಲ್ಲಿ ಪ್ರಯಾಣಿಕ ವಿಮಾನಗಳು ಶಂಷಾಬಾದಿಗೆ ವರ್ಗವಾದುವು. ವಾಯುದಳದ ಕೇಂದ್ರವು ಮಾತ್ರ ಬೇಗಂಪೇಟೆಯಲ್ಲಿಯೇ ಉಳಿಯಿತು. ಇಂತಹ ಕೇಂದ್ರಗಳಲ್ಲಿ ಯಂತ್ರ, ರೇಡಿಯೋ, ಉಗ್ರಾಣ, ಲೆಕ್ಕಪತ್ರ ಮುಂತಾದ ಕೆಲಸಗಳನ್ನು ನಿರ್ವಹಿಸುವವರು ಏರ್‌ಮನ್ನರು. ಅವರ ಮೊದಲ ಶಿಕ್ಷಣವು ಕನ್ನಡನಾಡಿನ ಬೆಳಗಾವಿಯ ಸಾಂಬ್ರಾದಲ್ಲಿ ಆಗುತ್ತದೆ.

ಏರ್‌ಮನ್ನರ ಶ್ರೇಣಿಯಲ್ಲಿ ಕಾರ್ಪೊರಲ್ ಪದವಿಯಿಂದ ಸಾರ್ಜೆಂಟ್ ಪದವಿಗೆ ಏರುವುದು ಒಂದು ಮುಖ್ಯ ಘಟ್ಟ. ಭೂಸೇನೆಯಲ್ಲಿ ಇವಕ್ಕೆ ಸಮನಾದುವು ನಾಯಕ್ ಮತ್ತು ಹವಾಲ್ದಾರ್ ಪದವಿಗಳು. ತೋಳಿನ ಮೇಲಣ ಎರಡು ಪಟ್ಟಿಗಳು ಮೂರಾಗಬೇಕಾದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸಂಬಳ, ಮುಂದಿನ ಬಡ್ತಿ, ನಿವೃತ್ತಿವೇತನ ಎಲ್ಲಕ್ಕೂ ಇದರ ಸಂಬಂಧವುಂಟಾದುದರಿಂದ, ಅಭ್ಯರ್ಥಿಯ ಹಿಂದೆ ಒಂದು ಕುಟುಂಬವೇ ಫಲಿತಾಂಶವನ್ನು ಎದುರುನೋಡುತ್ತಿರುತ್ತದೆ. ಸ್ವಂತ ಕಸಬಿನ ಜ್ಞಾನದೊಡನೆ ಸೇವೆಯ ಸಾಮಾನ್ಯ ವಿಷಯಗಳನ್ನೂ ಅವನು ಬಲ್ಲವನಾಗಿರಬೇಕು. ಶಿಷ್ಟಾಚಾರವು ಈ ಎರಡನೆಯ ಭಾಗಕ್ಕೆ ಸೇರಿದುದು.

ಈ ಭಾಗವನ್ನು ಬಾಯಿಪಾಠ ಮಾಡಿದವನು ಬೇಗನೆ ಎಡವುತ್ತಾನೆ. ಯಾರು, ಯಾರಿಗೆ, ಯಾವಾಗ, ಏಕೆ ಎಂಬ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಂಡು ಓದಿದರೆ ನಿಯಮಗಳು ತಾವಾಗಿಯೇ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಏರ್‌ಮನ್ನನು ಅಧಿಕಾರಿಗೆ ವಂದಿಸುತ್ತಾನೆ. ಅಧಿಕಾರಿಯ ಹುದ್ದೆಗೆ ಆಧಾರವಾದ ಕಮಿಷನ್ನನ್ನು ಕೊಡುವವರು ರಾಷ್ಟ್ರಪತಿಗಳು. ಆದುದರಿಂದ ವಂದನೆಯು ಎದುರಿಗೆ ನಿಂತ ವ್ಯಕ್ತಿಯ ವಯಸ್ಸು, ಕುಲ, ಸಿರಿವಂತಿಕೆಗಳಿಗೆ ಸಲ್ಲುವುದಿಲ್ಲ. ಅವನು ಹೊತ್ತ ಅಧಿಕಾರಕ್ಕೆ, ಅದರ ಮೂಲಕ ಗಣರಾಜ್ಯಕ್ಕೆ ಸಲ್ಲುತ್ತದೆ. ಕಿರಿಯನು ಮೊದಲು ಕೈಯೆತ್ತಬೇಕು, ಹಿರಿಯನು ಪ್ರತಿವಂದನೆ ಮಾಡಬೇಕು. ಡೊಗ್ಗು ಸಲಾಮಿಗೆ ಉತ್ತರವಿರಬೇಕೆಂಬ ಕಟ್ಟಳೆಯಿಲ್ಲ. ಇಲ್ಲಿ ಉತ್ತರಿಸುವುದು ಹಿರಿಯನ ಕರ್ತವ್ಯ. ಅಲ್ಲದೆ ವಂದಿಸುವವನ ಬೆನ್ನು ನೆಟ್ಟಗಿರಬೇಕು, ದೃಷ್ಟಿ ನೇರವಾಗಿರಬೇಕು. ತಲೆಯ ಮೇಲೆ ಟೋಪಿಯಾಗಲಿ ಪೇಟವಾಗಲಿ ಇಲ್ಲದಿದ್ದಾಗ ಕೈಯೆತ್ತದೆ ಸಾವಧಾನ ಸ್ಥಿತಿಯಲ್ಲಿ ನಿಲ್ಲುವುದೇ ಗೌರವ.

ವಂದನೆಯ ರೂಪವು ಮೂರು ದಳಗಳಲ್ಲಿ ಮೂರು ಬಗೆ. ಭೂಸೇನೆಯಲ್ಲಿ ಅಂಗೈ ಎದುರಿಗೆ ಕಾಣುತ್ತದೆ. ನೌಕಾದಳದಲ್ಲಿ ಅಂಗೈ ನೆಲದ ಕಡೆಗೆ ತಿರುಗಿರುತ್ತದೆ. ಹಡಗಿನ ಕೆಲಸದಲ್ಲಿ ಡಾಂಬರು ಮೆತ್ತಿದ ಕೈಯನ್ನು ತೋರಿಸಬಾರದೆಂಬುದೇ ಇದಕ್ಕೆ ಕಾರಣವೆಂದು ರೂಢಿಯ ವಿವರಣೆ. ವಾಯುದಳವು ಮೊದಲು ಭೂಸೇನೆಯ ಕ್ರಮವನ್ನೇ ಅನುಸರಿಸುತ್ತಿದ್ದು, 2006ರ ಮಾರ್ಚಿನಲ್ಲಿ ಅಂಗೈ ನೆಲಕ್ಕೆ 45 ಅಂಶಗಳ ಕೋನದಲ್ಲಿರುವ ಹೊಸ ಕ್ರಮವನ್ನು ಅಂಗೀಕರಿಸಿತು. ಹಳೆಯ ಪುಸ್ತಕಗಳನ್ನೇ ನೆಚ್ಚಿದವರು ಇಲ್ಲಿ ತಪ್ಪುವ ಸಂಭವವುಂಟು. ರಾಷ್ಟ್ರಗೀತೆಯ ಪೂರ್ಣಪಾಠಕ್ಕೆ ಸುಮಾರು 52 ಸೆಕೆಂಡುಗಳು ಹಿಡಿಯುತ್ತವೆ. ಧ್ವಜಾರೋಹಣದ ವೇಳೆಯಲ್ಲಿ ಸಮವಸ್ತ್ರದಲ್ಲಿರುವವರು ಧ್ವಜಕ್ಕೆ ವಂದಿಸುತ್ತಾರೆ, ಉಳಿದವರು ನೆಟ್ಟಗೆ ನಿಲ್ಲುತ್ತಾರೆ.

ಶಿಷ್ಟಾಚಾರದ ಬೆನ್ನಿಗೆ ಶಾಸನವಿದೆ. 1950ರ ವಾಯುದಳ ಅಧಿನಿಯಮವು ಮೇಲಿನವನ ನ್ಯಾಯಸಮ್ಮತವಾದ ಆಜ್ಞೆಯನ್ನು ಮೀರುವುದನ್ನು ಅಪರಾಧವೆಂದು ಎಣಿಸುತ್ತದೆ. ‘ನ್ಯಾಯಸಮ್ಮತ’ ಎಂಬ ವಿಶೇಷಣವನ್ನು ಅಭ್ಯರ್ಥಿಯು ಮರೆಯಬಾರದು. ಅದೇ ಅಧಿನಿಯಮವು ಕೈಕೆಳಗಿನವನನ್ನು ಹೊಡೆದ ಅಥವಾ ಹಿಂಸಿಸಿದ ಮೇಲಿನವನಿಗೆ ಏಳು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದೆಂದು ಹೇಳುತ್ತದೆ. ಅನ್ಯಾಯಕ್ಕೊಳಗಾದ ಏರ್‌ಮನ್ನನು ದೂರು ಕೊಡುವ ಮಾರ್ಗವನ್ನೂ ತೋರಿಸುತ್ತದೆ. ಗೌರವವನ್ನು ಕೆಳಗಿನಿಂದ ಮೇಲಕ್ಕೆ ಮಾತ್ರ ಸಲ್ಲಬೇಕಾದ ಕಾಣಿಕೆಯೆಂದು ತಿಳಿದವನು ವಿಧಿಯ ಅರ್ಧವನ್ನಷ್ಟೇ ಓದಿದಂತಾಯಿತು.

ಪದವಿಗಳ ಹೆಸರುಗಳೇ ಈ ಅರ್ಥವನ್ನು ಸೂಚಿಸುತ್ತವೆ. ಹವಾಲ್ದಾರ ಶಬ್ದವು ಅರಬ್ಬಿಯ ‘ಹವಾಲಾ’, ಫಾರಸಿಯ ‘ದಾರ್’ ಎಂಬವುಗಳಿಂದ ಆದುದು. ವಶಕ್ಕೆ ಒಪ್ಪಿಸಿದುದನ್ನು ಹೊತ್ತವನೆಂದು ಅದರ ತಾತ್ಪರ್ಯ. ಸಾರ್ಜೆಂಟ್ ಶಬ್ದದ ಮೂಲವಾದ ಲ್ಯಾಟಿನ್ ಪದಕ್ಕೆ ‘ಸೇವೆ ಮಾಡುವವನು’ ಎಂದರ್ಥ. ಮೂರು ಪಟ್ಟಿಗಳನ್ನು ಧರಿಸಿದ ಮಾತ್ರಕ್ಕೆ ಸಾರ್ಜೆಂಟನಿಗೆ ಕೆಳಗಿನವರು ಕೈಯೆತ್ತಿ ವಂದಿಸುವುದಿಲ್ಲ. ಆ ಗೌರವವು ಕಮಿಷನ್ ಪಡೆದವರಿಗೆ ಮೀಸಲಾದುದು. ಅವನಿಗೆ ದೊರೆಯುವುದು ಕೆಲವು ಮಂದಿ ತರುಣರ ಹೊಣೆ. ಅವರು ಸಮಯಕ್ಕೆ ಬಂದರೆ, ವಿಮಾನದ ಒಂದು ಮೊಳೆಯೂ ಸಡಿಲವಾಗಿಲ್ಲವೆಂದು ನೋಡಿಕೊಂಡರೆ, ತಮ್ಮ ಅಹವಾಲನ್ನು ಅಂಜದೆ ಅವನ ಮುಂದಿಟ್ಟರೆ, ಅವನು ಓದಿದ ಶಿಷ್ಟಾಚಾರವು ಸಾರ್ಥಕವಾಯಿತೆಂದು ಭಾವಿಸಬಹುದು.