ಕಾಮಣ್ಣನ ಕಾಲಕ್ಕೇ ಹೊತ್ತಿಕೊಳ್ಳುವ ಮರ: ಮುತ್ತಲದ ಕಥೆ

ಹೋಳಿ ಹುಣ್ಣಿಮೆ ಹತ್ತಿರ ಬಂತು, ಹಲಗೆ ಹದ ಮಾಡೋ ಹೊತ್ತು. ಇವತ್ತು ಒಂದು ಮರದ ಮಾತು.

ಕಾಗವಾಡ ತಾಲ್ಲೂಕಿನ ಐನಾಪುರದ ಕಡೆ ಓಡಾಡೋರಿಗೆ ಗೊತ್ತು, ಅದು ಕೃಷ್ಣಾ ತೀರದ ಕಬ್ಬಿನ ಸೀಮೆ. ಆ ಹಸಿರಿನ ನಡುವೆ ಯಾವುದೋ ಬದುವಿನ ಮೇಲೆ, ಒಂದೂ ಎಲೆಯಿಲ್ಲದ ಸೊಟ್ಟ ಮರವೊಂದು ಬೆಂಕಿ ಹತ್ತಿದ ಹಾಗೆ ಕಂಡರೆ ಗಾಡಿ ನಿಲ್ಲಿಸಿ ನೋಡ್ರಿ. ಅದೇ ಮುತ್ತಲ. ಪುಸ್ತಕದಲ್ಲಿ ಮುತ್ತುಗ, ಸಂಸ್ಕೃತದಲ್ಲಿ ಪಲಾಶ, ಗಡಿ ದಾಟಿ ಮಿರಜ್ ಕಡೆ ಹೋದರೆ ಪಳಸ. 1757ರ ಪ್ಲಾಸಿ ಕದನ ಶಾಲೆಯಲ್ಲಿ ಓದಿರ್ತೀರಿ. ಬಂಗಾಳದ ಆ ಊರಿನ ಹೆಸರು ಪಲಾಶಿ, ಅದೂ ಈ ಮರದ್ದೇ.

ಹೂ ಕೈಯಲ್ಲಿ ಹಿಡಿದು ನೋಡಿ. ತೊಟ್ಟಿನ ಹತ್ತಿರ ಮಖಮಲ್ಲಿನಂಥ ಕಪ್ಪು, ಮೇಲೆ ಕೇಸರಿ ಎಸಳು. ಥೇಟ್ ಕೆಂಡ. ಒಂದು ಎಸಳು ಗಿಣಿಯ ಕೊಕ್ಕಿನ ಹಾಗೆ ಬಾಗಿರುತ್ತೆ. ಅದಕ್ಕೇ ಇದಕ್ಕೆ ಕಿಂಶುಕ ಅಂತಲೂ ಹೆಸರು, ಅಂದರೆ 'ಇದೇನು ಗಿಣಿಯೇ?' ವಾಸನೆ ಮಾತ್ರ ಇಲ್ಲ. ವಿದ್ಯೆಯಿಲ್ಲದ ಚೆಲುವರನ್ನು ಹಿಂದಿನವರು ಈ ಹೂವಿಗೆ ಹೋಲಿಸಿ ಆಡಿಕೊಂಡರು. ಪಾಪ, ಮರದ ತಪ್ಪೇನೂ ಇಲ್ಲ. ಇದರ ಪರಾಗ ಸಾಗಿಸೋದು ಸೂರಕ್ಕಿಯಂಥ ಹಕ್ಕಿಗಳು. ಅವು ಬರೋದು ಬಣ್ಣ ನೋಡಿ, ಮಕರಂದಕ್ಕಾಗಿ. ಎಲೆ ಉದುರಿಸಿಕೊಂಡು ಹೂ ಬಿಟ್ಟರೆ ಹಕ್ಕಿಗೆ ದೂರದಿಂದಲೇ ಕಾಣುತ್ತೆ.

ಇನ್ನು ಕಥೆಗಳು. ವೇದದ ಕಾಲದ್ದೊಂದಿದೆ: ಸೋಮ ಸ್ವರ್ಗದಲ್ಲಿತ್ತು. ಗಾಯತ್ರಿ ಹಕ್ಕಿಯಾಗಿ ಹಾರಿ ಅದನ್ನು ತರುವಾಗ ಒಂದು ಎಲೆ ಕೆಳಗೆ ಬಿತ್ತು, ಅದೇ ಪಲಾಶವಾಯ್ತು. ಮುಂಜಿಯಲ್ಲಿ ವಟುವಿನ ಕೈಗೆ ಪಲಾಶದ ದಂಡ ಕೊಡೋದು, ಹೋಮಕ್ಕೆ ಇದರ ಸಮಿಧೆ ಹಾಕೋದು, ಎಲ್ಲ ಆ ಗೌರವದಿಂದ. ಒಂದೇ ತೊಟ್ಟಿಗೆ ಮೂರು ಎಲೆ ಇರೋದರಿಂದ ಬ್ರಹ್ಮ, ವಿಷ್ಣು, ಮಹೇಶ್ವರ ಅಂತಲೂ ಹೇಳ್ತಾರೆ. ಮರಾಠಿಯವರು ಅದನ್ನೇ ಗಾದೆ ಮಾಡಿಬಿಟ್ಟರು: ಎಲ್ಲಿಗೆ ಹೋದರೂ ಪಳಸಕ್ಕೆ ಮೂರೇ ಎಲೆ, ಅಂದರೆ ನಮ್ಮ ಪಾಡು ಎಲ್ಲೂ ಬದಲಾಗಲ್ಲ ಅಂತ!

ನನಗೆ ಹೆಚ್ಚು ಹಿಡಿಸೋದು ಕಾಮಣ್ಣನ ನಂಟು. ಶಿವನ ತಪಸ್ಸು ಕೆಡಿಸೋಕೆ ಕಾಮ ಬಂದ, ಜೊತೆಗೆ ವಸಂತನನ್ನೂ ಕರೆತಂದ. ಶಿವ ಮೂರನೇ ಕಣ್ಣು ತೆರೆದ, ಕಾಮ ಬೂದಿಯಾದ. ಕಾಳಿದಾಸ ಕುಮಾರಸಂಭವದ 3ನೇ ಸರ್ಗದಲ್ಲಿ ಇದನ್ನು ಹೇಳುವಾಗ, ಕಾಮ ಸುಡೋದಕ್ಕೆ ಮೊದಲು ಬರುವ ವಸಂತದಲ್ಲಿ ಪಲಾಶದ ಕೆಂಪು ಮೊಗ್ಗುಗಳನ್ನೂ ಇಟ್ಟಿದ್ದಾನೆ. ಮೊದಲು ಹೂ, ಆಮೇಲೆ ಬೆಂಕಿ. ನಮ್ಮ ಹೊಲದಲ್ಲೂ ಅದೇ ಕ್ರಮ: ಮುತ್ತಲ ಅರಳಿರುತ್ತೆ, ಓಣಿಯಲ್ಲಿ ಕಾಮಣ್ಣ ಸುಡ್ತಾನೆ, ಆಮೇಲೆ ಅದೇ ಹೂವಿನ ಬಣ್ಣ ಮೈಮೇಲೆ. ಬೆಳಗಾವಿಯ ಗಡಿ ಕಡೆಯ ಹಲವು ಊರುಗಳಲ್ಲಿ ಬಣ್ಣದಾಟ ಐದನೇ ದಿನಕ್ಕೆ, ರಂಗಪಂಚಮಿಗೆ.

ಆದರೆ ಒಂದು ಅಪಾಯ ಇದೆ. ಹೂ ಬಿಡೋ ಮುಂಚೆ ಎಲೆ ಉದುರಿ ನಿಂತ ಮುತ್ತಲ ಒಣಗಿದ ಮರದ ಹಾಗೇ ಕಾಣುತ್ತೆ. ಕಾಮಣ್ಣನಿಗೆ ಕಟ್ಟಿಗೆ, ಕುಳ್ಳು ಒಟ್ಟುಮಾಡೋ ಹುಡುಗರೇ, ಕೊಡಲಿ ಎತ್ತೋ ಮುಂಚೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿ ಇದ್ದರೆ ಮರ ಬದುಕಿದೆ. ರೈತರದ್ದು ಬೇರೆ ಲೆಕ್ಕ: ಬದುವಿನ ನೆರಳು ಬಿದ್ದಲ್ಲಿ ಕಬ್ಬು ಸೊರಗುತ್ತೆ. ಅದು ಸುಳ್ಳಲ್ಲ. ಕಡಿದರೂ ಮುತ್ತಲ ಬುಡದಿಂದ ಚಿಗುರುತ್ತೆ ನಿಜ, ಹೂ ಕಾಣೋಕೆ ಮಾತ್ರ ವರ್ಷಗಟ್ಟಲೆ ಕಾಯಬೇಕು. ಅದರ ಬದಲು ಟೊಂಗೆ ಸವರಿದರೆ ನೆರಳೂ ಕಮ್ಮಿ, ಮರವೂ ಉಳಿಯುತ್ತೆ. 2022ರ ಜುಲೈಯಿಂದ ಒಮ್ಮೆ ಬಳಸಿ ಎಸೆಯೋ ಪ್ಲಾಸ್ಟಿಕ್ ತಟ್ಟೆಗೆ ದೇಶದಲ್ಲೇ ನಿಷೇಧ ಇದೆ. ಮುತ್ತಲ ಎಲೆ ಹಚ್ಚಿ ಪತ್ರಾವಳಿ ಮಾಡೋ ಕೈಗಳಿಗೂ ಈ ಮರ ಬೇಕು.

ಕೊನೆಗೆ ಬಣ್ಣ ಮಾಡೋದು ಹೇಗೆ? ಮರ ಹತ್ತಬೇಡಿ, ಬುಡದಲ್ಲಿ ಬಿದ್ದ ಹೂವೇ ಬೇಕಾದಷ್ಟು ಸಿಗುತ್ತೆ. ತೊಳೆದು, ನೀರಲ್ಲಿ ಕುದಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದರೆ ಹಳದಿ-ಕೇಸರಿ ನೀರು. ಚಿಟಿಕೆ ಸುಣ್ಣ ಹಾಕಿದರೆ ಬಣ್ಣ ಗಾಢವಾಗುತ್ತೆ, ಆದರೆ ಮೈಮೇಲೆ ಎರಚೋದಾದರೆ ಸುಣ್ಣ ಬೇಡ, ಕಣ್ಣಿಗೆ ಹೋದರೆ ಉರಿ. ಬಿಳಿ ಅಂಗಿ ಹಾಕ್ಕೊಂಡು ಬನ್ನಿ, ಈ ಬಣ್ಣ ಅದರ ಮೇಲೇ ಚೆಂದ.