ಕಂತು ತಪ್ಪಿದ ಕಾರು, ನಡುರಾತ್ರಿಯ ಚಿತ್ರ

ಮರುಭೂಮಿಯ ಹೆದ್ದಾರಿಯಲ್ಲಿ ಹಳೆಯ ಕಾರೊಂದು ಓಲಾಡುತ್ತ ಬರುತ್ತದೆ. ಅದನ್ನು ತಡೆದ ಪೊಲೀಸಿನವನು ಡಿಕ್ಕಿಯ ಮುಚ್ಚಳವನ್ನೆತ್ತುತ್ತಾನೆ. ಕಣ್ಣು ಕೋರೈಸುವ ಬೆಳಕೊಂದು ಹೊಮ್ಮುತ್ತದೆ. ಮರುಕ್ಷಣ ಅಲ್ಲಿ ಉಳಿಯುವುದು ಹೊಗೆಯಾಡುವ ಅವನ ಬೂಟುಗಳು ಮಾತ್ರ! 1984ರಲ್ಲಿ ತೆರೆಕಂಡ ‘ರೆಪೋ ಮ್ಯಾನ್’ ಎಂಬ ಅಮೆರಿಕದ ಚಿತ್ರ ಆರಂಭವಾಗುವುದು ಹೀಗೆ.

ಸಾಲದ ಮೇಲೆ ಕಾರು ಕೊಂಡು ಕಂತು ಕಟ್ಟಲಾರದವರ ವಾಹನವನ್ನು ಎಳೆದೊಯ್ಯುವವನೇ ‘ರೆಪೋ ಮ್ಯಾನ್’. ನಿರ್ದೇಶಕ ಅಲೆಕ್ಸ್ ಕಾಕ್ಸ್ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರ ಓದಿದ ಇಂಗ್ಲೆಂಡಿನವರು. ಚಲಚ್ಚಿತ್ರಕಲೆಯ ವ್ಯಾಸಂಗಕ್ಕೆಂದು ಲಾಸ್ ಏಂಜಲೀಸಿಗೆ ಬಂದಾಗ ನೆರೆಯಲ್ಲಿದ್ದ ಇಂಥವನೊಬ್ಬನೊಡನೆ ತಿರುಗಾಡಿ, ಆ ವೃತ್ತಿಯ ಒಳಹೊರಗನ್ನು ಕಂಡುಕೊಂಡರು.

ಕಥಾನಾಯಕ ಆಟೋ ಅಂಗಡಿಯ ಕೆಲಸ ಕಳೆದುಕೊಂಡ ತರುಣ. ಓದು ಮುಗಿಸಿದರೆ ಕೊಡುವೆವೆಂದು ತಂದೆತಾಯಿಗಳು ಮಾತುಕೊಟ್ಟಿದ್ದ ಹಣ ಟೆಲಿವಿಷನ್ನಿನ ಧರ್ಮೋಪದೇಶಕನೊಬ್ಬನ ಪಾಲಾಗಿದೆ. ಮನೆಯಲ್ಲಿ ಆಸರೆಯಿಲ್ಲ, ಹೊರಗೆ ಕೆಲಸವಿಲ್ಲ. ಕಾರು ಎಳೆಯುವವರ ಗುಂಪೇ ಗತಿ. ಬಡವನ ಕಾರನ್ನು ಇನ್ನೊಬ್ಬ ಬಡವನ ಕೈಯಿಂದ ಕಸಿಸುವ ಈ ಏರ್ಪಾಟೇ ಚಿತ್ರದ ನಗೆಯ ತಿರುಳು. ಅಂಗಡಿಯ ಡಬ್ಬಿಗಳ ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ಬರಿದೆ ‘ಆಹಾರ’ ಎಂದು ಬರೆದಿರುತ್ತದೆ. ಡಿಕ್ಕಿಯಲ್ಲಿ ಅನ್ಯಲೋಕದ ಜೀವಿಗಳನ್ನು ಹೊತ್ತ 1964ರ ಷೆವ್ರೊಲೆ ಮ್ಯಾಲಿಬು ಕಾರಿಗೆ ಇಪ್ಪತ್ತು ಸಾವಿರ ಡಾಲರ್ ಬಹುಮಾನವುಂಟು. ಅದನ್ನು ಓಡಿಸುತ್ತಿರುವವನು ಕಟ್ಟಡಗಳನ್ನು ಉಳಿಸಿ ಜನರನ್ನಷ್ಟೇ ಕೊಲ್ಲುವ ಬಾಂಬು ರಚಿಸಿದ ವಿಜ್ಞಾನಿ. ಕೊನೆಗೆ ಹಸಿರಾಗಿ ಬೆಳಗುತ್ತ ಆಗಸಕ್ಕೇರುವ ಆ ಕಾರಿನ ಚಕ್ರ ಹಿಡಿಯುವವನಾದರೋ, ವಾಹನ ನಡೆಸಿದಷ್ಟೂ ಬುದ್ಧಿ ಕುಗ್ಗುವುದೆಂದು ನಂಬಿ ಅದನ್ನು ಕಲಿಯದೆಯೇ ಉಳಿದ ಗ್ಯಾರೇಜಿನ ಆಳು!

ಬಂಡವಾಳ ಒದಗುವಂತೆ ಮಾಡಿದವರು ಗಾಯಕ ಮೈಕೆಲ್ ನೆಸ್ಮಿತ್. ಬೆರಳಚ್ಚಿನ ತಪ್ಪನ್ನು ಮುಚ್ಚುವ ಬಿಳಿಯ ದ್ರವವನ್ನು ಕಂಡುಹಿಡಿದ ಮಹಿಳೆಯ ಮಗ ಇವರೆಂಬುದು ಸ್ವಾರಸ್ಯದ ಸಂಗತಿ. ಆದರೆ ಚಿತ್ರ ಮುಗಿಯುವ ವೇಳೆಗೆ ಯೂನಿವರ್ಸಲ್ ಸಂಸ್ಥೆಯ ಆಡಳಿತವೇ ಬದಲಾಯಿತು. ಹಳೆಯ ಅಧಿಕಾರಿ ಒಪ್ಪಿದ ಕೃತಿಯ ಮೇಲೆ ಹೊಸಬನಿಗೇಕೆ ಮಮತೆ? ಶಿಕಾಗೋದಲ್ಲಿ ತೆರೆಕಂಡ ಚಿತ್ರ ಬೇಗನೆ ಮೂಲೆ ಸೇರಿತು.

ಅದನ್ನು ಕಾಪಾಡಿದ್ದು ಹಾಡುಗಳು. ಇಗ್ಗಿ ಪಾಪ್ ಹಾಡಿದ ಶೀರ್ಷಿಕೆಗೀತೆಯೊಡನೆ ‘ಬ್ಲ್ಯಾಕ್ ಫ್ಲ್ಯಾಗ್’, ‘ಸರ್ಕಲ್ ಜರ್ಕ್ಸ್’ ಮೊದಲಾದ ತಂಡಗಳ ಅಬ್ಬರದ ಪಂಕ್ ಸಂಗೀತವಿದ್ದ ಧ್ವನಿಮುದ್ರಿಕೆಯನ್ನು ತರುಣರು ಮುಗಿಬಿದ್ದು ಕೊಂಡರು. ಸಂಸ್ಥೆ ಚಿತ್ರವನ್ನು ಮತ್ತೆ ಹೊರತೆಗೆಯಬೇಕಾಯಿತು. 1970ರಲ್ಲಿ ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರವು ‘ಎಲ್ ಟೋಪೋ’ವನ್ನು ನಡುರಾತ್ರಿ ತೋರಿಸಿದಂದಿನಿಂದ ಹಬ್ಬಿದ ರೂಢಿಗೆ ‘ರೆಪೋ ಮ್ಯಾನ್’ ಹೇಳಿ ಮಾಡಿಸಿದಂತಿತ್ತು. ಹಗಲಿನ ಪ್ರೇಕ್ಷಕರು ಕೈಬಿಟ್ಟ ಚಿತ್ರಕ್ಕೆ ಹನ್ನೆರಡು ಗಂಟೆಯ ಆಟದಲ್ಲಿ ಆಪ್ತರು ದೊರೆತರು. ಹೀಗೆ ಮತ್ತೆ ಮತ್ತೆ ನೋಡಿದವರಿಗೆ ಸಂಭಾಷಣೆಯೇ ಬಾಯಿಪಾಠ.

ಆ ಸಂಭಾಷಣೆಯಲ್ಲಿ ಬೈಗುಳಗಳಿಗೆ ಲೆಕ್ಕವಿಲ್ಲ. ಟೆಲಿವಿಷನ್ನಿಗಾಗಿ ಅವನ್ನು ತಿದ್ದಬೇಕಾಗಿ ಬಂದಾಗ, ಅತ್ಯಂತ ಕೆಟ್ಟ ಬೈಗುಳವೊಂದರ ಸ್ಥಾನದಲ್ಲಿ ‘ಕರ್ಬೂಜ ಬೆಳೆಯುವವನೇ’ ಎಂಬರ್ಥದ ಮಾತನ್ನು ಕೂರಿಸಲಾಯಿತು. ಮೂಲಕ್ಕಿಂತ ಇದೇ ಸೊಗಸೆನ್ನುವ ಅಭಿಮಾನಿಗಳೂ ಉಂಟು.